ದುಡ್ಡು ಕೊಡುವ ಮೊದಲು ನಾಣ್ಯ ಮೇಷ್ಟ್ರ ಮನೆಗೆ

ನಾಣ್ಯವನ್ನು ಹತ್ತು ದಿನಕ್ಕೆ ಇಸಿದುಕೊಂಡು, ಬಲ್ಲವರಿಗೆ ತೋರಿಸಿ, ಆಮೇಲೆ ಪೂರ್ತಿ ದುಡ್ಡು ಕೊಡ್ತೀನಿ ಅಂದಾಗ ನಮ್ಮ ನಾಣ್ಯ ಸಂಗ್ರಹಕಾರರ ಗುಂಪಿನಲ್ಲಿ ಯಾರೂ ನಂಬಲಿಲ್ಲ. "ಯಾವ ಡೀಲರ್ ಕೊಡ್ತಾನೆ ಮಾರಾಯ? ಏಳು ಸಾವಿರದ ನಾಣ್ಯಕ್ಕೆ ಎರಡು ಸಾವಿರ ಓಡಾಟದ ಖರ್ಚಾ?" ಅಂದರು. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ, ಚೀಟಿಯಲ್ಲಿ ಏನು ಬರೆಸಿಕೊಂಡೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾಣ್ಯ ಕ್ಷತ್ರಪ ರಾಜ ನಹಪಾನನದು, ಅದರ ಮೇಲೆ ಅವನನ್ನು ಸೋಲಿಸಿದ ಶಾತವಾಹನ ರಾಜ ಗೌತಮೀಪುತ್ರ ಶಾತಕರ್ಣಿ ತನ್ನ ಅಚ್ಚು ಹೊಡೆಸಿದ್ದು. 1906ರಲ್ಲಿ ನಾಸಿಕ್ ಹತ್ತಿರ ಜೋಗಲ್‌ಟೆಂಭಿಯಲ್ಲಿ 13,000ಕ್ಕೂ ಜಾಸ್ತಿ ಬೆಳ್ಳಿ ನಾಣ್ಯ ಸಿಕ್ಕವಲ್ಲ, ಅದರಲ್ಲಿ 9,000ಕ್ಕೂ ಹೆಚ್ಚು ಇಂಥವೇ. ನಾನು ಚಿತ್ರದುರ್ಗದವನು, ಶಾತವಾಹನರ ನಾಣ್ಯ ಸಿಕ್ಕ ಚಂದ್ರವಳ್ಳಿ ಪಕ್ಕ ಆಡಿ ಬೆಳೆದವನು. ಶಾತವಾಹನರದು ಒಂದಾದರೂ ಬೆಳ್ಳಿ ನಾಣ್ಯ ಇರಬೇಕು ಅನ್ನೋ ಹಟ ಇತ್ತು.

ಆ ಹಟದಲ್ಲೇ ಮೊದಲು ಸುಟ್ಟುಕೊಂಡಿದ್ದು. ಮೂರ್ನಾಲ್ಕು ವರ್ಷದ ಹಿಂದೆ ಒಂದು ನಾಣ್ಯ ಮೇಳದಲ್ಲಿ ಯಜ್ಞ ಶಾತಕರ್ಣಿಯ ಮುಖ ಇರುವ ನಾಣ್ಯಕ್ಕೆ 18,000 ಕೊಟ್ಟೆ. ಚೀಟಿಯಲ್ಲಿ "ಹಳೇ ನಾಣ್ಯ 1" ಅಂತ ಅಷ್ಟೇ. ಫೋಟೋವನ್ನು ವಾಟ್ಸಾಪ್‌ನಲ್ಲಿ ನಾಲ್ವರಿಗೆ ಕಳಿಸಿದೆ. ಇಬ್ಬರು ಅಸಲಿ ಅಂದರು, ಒಬ್ಬರು ಅನುಮಾನ ಅಂದರು, ಇನ್ನೊಬ್ಬರು ಉತ್ತರವನ್ನೇ ಕೊಡಲಿಲ್ಲ. ಚಿನ್ನದಂಗಡಿಯವರ ಲೋಹ ಪರೀಕ್ಷಿಸುವ ಎಕ್ಸ್‌ಆರ್‌ಎಫ್ ಮಷಿನ್‌ನಲ್ಲಿ ನೋಡಿಸಿದರೆ ಬೆಳ್ಳಿ ಶೇ. 94ರ ಆಸುಪಾಸು ಬಂತು. ಖುಷಿಯಾಗಿ ಆಲ್ಬಮ್‌ಗೆ ಹಾಕಿದೆ. ಆರು ತಿಂಗಳ ಮೇಲೆ ಬೇರೆ ಊರಿನ ಮೇಳದಲ್ಲಿ ಅದೇ ಮುಖ, ಗಲ್ಲದ ಕೆಳಗೆ ಅದೇ ಗೀರು, ಅಂಚಿನಲ್ಲಿ ಅದೇ ಜಾಗದಲ್ಲಿ ಅದೇ ಕಚ್ಚು! ಅಚ್ಚಿನ ದೋಷ ಹತ್ತು ನಾಣ್ಯದಲ್ಲಿ ಬರಬಹುದು, ಬಳಸಿ ಬಿದ್ದ ಗೀರು ಎರಡರಲ್ಲಿ ಬರೋದಿಲ್ಲ. ಕನಿಷ್ಠ ಒಂದಂತೂ ಎರಕ, ಅಂದರೆ ಬೆಳ್ಳಿ ಕರಗಿಸಿ ಸುರಿದ ನಕಲಿ; ಹೆಚ್ಚಾಗಿ ಎರಡೂ. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಮಷಿನ್ ಹೇಳೋದು ಲೋಹ ಏನು ಅಂತ, ಯಾವಾಗ ಮಾಡಿದ್ದು ಅಂತ ಅಲ್ಲ. ಸವೆದ ಹಳೇ ಬೆಳ್ಳಿ ಕರಗಿಸಿ ಸುರಿದರೆ ಅದಕ್ಕೆ ಹೇಗೆ ಗೊತ್ತಾಗಬೇಕು?

ನೀರಿನ ತೂಕದ ಪರೀಕ್ಷೆಯನ್ನೂ ಮಾಡಿದೆ. ದಾರ ಕಟ್ಟಿ ಲೋಟದ ನೀರಿನಲ್ಲಿ ಇಳಿಬಿಟ್ಟು ಒಂದು ಭಾನುವಾರ ಪೂರ್ತಿ ಕಳೆದೆ. 2.2 ಗ್ರಾಂ ನಾಣ್ಯ ತಳ್ಳುವ ನೀರು 0.21 ಗ್ರಾಂ ಅಷ್ಟೇ. ನಮ್ಮ ಮನೆಯ ತಕ್ಕಡಿ 0.01 ಆಚೀಚೆ ಆದರೂ ಲೋಹದ ಸಾಂದ್ರತೆ (ನಾಣ್ಯದ ತೂಕ ಭಾಗಿಸು ತಳ್ಳಿದ ನೀರು) 10ರಿಂದ 11ರವರೆಗೆ ಕುಣಿಯುತ್ತದೆ. ದೊಡ್ಡ ನಾಣ್ಯಕ್ಕೆ ಸರಿ, ಇಂಥ ಚಿಕ್ಕದಕ್ಕೆ ಸುಮ್ನೆ ಟೈಮ್ ದಂಡ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ವಿದೇಶದ ಗ್ರೇಡಿಂಗ್ ಕಂಪನಿಗೆ ಕಳಿಸೋಣ ಅಂದರೆ, 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯವನ್ನು ನಾವು ದೇಶದಿಂದ ಹೊರಗೆ ಕಳಿಸುವ ಹಾಗೇ ಇಲ್ಲ. ಅಂದರೆ ಇಲ್ಲೇ ಇರುವ ಬಲ್ಲವರ ಕೈಗೆ, ಫೋಟೋ ಅಲ್ಲ, ನಾಣ್ಯವನ್ನೇ ಕೊಡಬೇಕು.

ಈ ಸಲದ ಡೀಲರ್ ಜೊತೆ ಎರಡು ಗಂಟೆ ಕೂತಿದ್ದೆ. ಮಾತಾಡುತ್ತಾ ಒಂದು ವಿಷಯ ಹೊಳೆಯಿತು. ಅವರಿಗಿದ್ದ ಭಯ ದುಡ್ಡಿನದಲ್ಲ, ನಾನು ನಾಣ್ಯ ಬದಲಾಯಿಸಿ ತಂದುಬಿಟ್ಟರೆ ಅನ್ನೋದು. ಅಲ್ಲೇ ಅವರ ತಕ್ಕಡಿಯಲ್ಲೇ ತೂಗಿದೆವು, 2.1 ಚಿಲ್ಲರೆ ಗ್ರಾಂ ಬಂತು. ಎರಡೂ ಮುಖ ಮತ್ತು ಅಂಚಿನ ಫೋಟೋ ಪ್ರಿಂಟ್ ಹಾಕಿಸಿ, ಹಿಂದೆ ಇಬ್ಬರೂ ಸಹಿ ಮಾಡಿದೆವು. ಅರ್ಧ ದುಡ್ಡು, 3,500, ಅಡ್ವಾನ್ಸ್. ಚೀಟಿಯಲ್ಲಿ ರಾಜನ ಹೆಸರು, ತೂಕ, ತಾರೀಖು, "ಆ ಕಾಲದ್ದಲ್ಲ ಅಂತಾದರೆ ಹತ್ತು ದಿನದೊಳಗೆ ವಾಪಸ್" ಅನ್ನೋ ಸಾಲು. ಇದಕ್ಕೂ ಮೊದಲು ಇಬ್ಬರು "ಹೊಲ ಉಳುವಾಗ ಸಿಕ್ಕಿದ್ದು" ಅಂತ ಕಥೆ ಹೇಳಿದ್ದರು. ಅದು ನಿಜವಾದರೆ ನಿಧಿ, ಸರ್ಕಾರಕ್ಕೆ ತಿಳಿಸಬೇಕು. ಸುಳ್ಳಾದರೆ ನಕಲಿ. ಎರಡೂ ನನಗೆ ಬೇಡ. ಇವರ ಹತ್ತಿರ ಹಳೇ ಸಂಗ್ರಹದಿಂದ ಕೊಂಡ ಬಿಲ್ ಇತ್ತು.

ನಾಣ್ಯ ತೋರಿಸಿದ್ದು ಇಬ್ಬರಿಗೆ. ಮೊದಲು ಮೈಸೂರಿನಲ್ಲಿರುವ ನಿವೃತ್ತ ಮೇಷ್ಟ್ರು, ಆಮೇಲೆ ಪುಣೆಯಲ್ಲಿ ನಲವತ್ತು ವರ್ಷದಿಂದ ಬರೀ ಕ್ಷತ್ರಪರ ನಾಣ್ಯವನ್ನೇ ಕೂಡಿಸುವ ಒಬ್ಬರು. ಒಬ್ಬರ ಮಾತು ಇನ್ನೊಬ್ಬರಿಗೆ ಹೇಳಲಿಲ್ಲ, ಬೆಲೆಯಂತೂ ಇಬ್ಬರಿಗೂ ಹೇಳಲಿಲ್ಲ. ಇದು ಮುಖ್ಯ.

ಮೇಷ್ಟ್ರು ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಹತ್ತಿರ ಕೂತು, ಲೂಪ್ (ಪುಟ್ಟ ಭೂತಗನ್ನಡಿ) ಕಣ್ಣಿಗೆ ಹಿಡಿದು ನಾಣ್ಯವನ್ನು ನಿಧಾನಕ್ಕೆ ತಿರುಗಿಸಿದರು. "ಇಲ್ಲಿ ನೋಡಪ್ಪ" ಅಂತ ತೋರಿಸಿದರು. ಶಾತಕರ್ಣಿಯ ಅಚ್ಚಿನಲ್ಲಿರುವ ಉಜ್ಜಯಿನಿ ಚಿಹ್ನೆಯ (ಕೂಡು ಗೆರೆಯ ತುದಿಗಳಲ್ಲಿ ನಾಲ್ಕು ಉಂಗುರ) ಎರಡು ಉಂಗುರಗಳ ನಡುವೆ ನಹಪಾನನ ಕಿವಿ, ಒಂದು ಸುರುಳಿ ಕೂದಲು ಹಾಗೇ ಉಳಿದಿವೆ. ಉಂಗುರ ಹಾಯ್ದ ಜಾಗದಲ್ಲಿ ಮೂಗು ಚಪ್ಪಟೆಯಾಗಿದೆ. ಕೆಳಗಿನದು ಅದುಮಿದೆ, ಮೇಲಿನದು ಎದ್ದಿದೆ. ಎರಕದಲ್ಲಿ ಎರಡೂ ಸಾಬೂನಿನ ಹಾಗೆ ಒಂದೇ ಸಮ ಮೊಂಡಾಗಿರುತ್ತವೆ. ಹೊಡೆತಕ್ಕೆ ಅಂಚು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಅದರೊಳಗೂ ಕಪ್ಪು ಇಳಿದಿತ್ತು. ಅಂಚಿನಲ್ಲಿ ಅವರು ಇನ್ನೊಂದು ಗುರುತು ತೋರಿಸಿದರು. ಅದನ್ನು ಬರೆಯುವುದಿಲ್ಲ, ನಕಲಿ ಮಾಡುವವರೂ ಓದುತ್ತಾರೆ.

ನಾನೇ ಕಂಡುಕೊಂಡ ಒಂದು ಉಪಾಯ ಮಾತ್ರ ಹೇಳ್ತೀನಿ. ಮೇಲಚ್ಚು ಪ್ರತಿ ನಾಣ್ಯದ ಮೇಲೂ ಬೇರೆ ಕೋನದಲ್ಲಿ, ಬೇರೆ ಜಾಗದಲ್ಲಿ ಬೀಳುತ್ತದೆ, ಅಲ್ವಾ? ಹಾಗಾಗಿ ಕಿವಿ ಮತ್ತು ಉಂಗುರ ಎರಡು ನಾಣ್ಯದಲ್ಲಿ ಒಂದೇ ಥರ ಕೂತಿದ್ದರೆ ಕನಿಷ್ಠ ಒಂದಂತೂ ಎರಕ. ನನ್ನ ನಾಣ್ಯದ ಫೋಟೋವನ್ನು ಪಾರದರ್ಶಕ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಹಳೇ ಹರಾಜಿನ ಚಿತ್ರಗಳ ಮೇಲೆ ಇಟ್ಟು ನೋಡಿದೆ, ಸುಮಾರು 150 ಇರಬಹುದು. ಒಂದೂ ಕೂಡಲಿಲ್ಲ.

ಪುಣೆಯವರೂ ಅಸಲಿ ಅಂದರು. ಎಂಟನೇ ದಿನ ಉಳಿದ ದುಡ್ಡು ಕೊಟ್ಟೆ. ಬಸ್ಸು, ಊಟ, ಪ್ರಿಂಟು ಸೇರಿ ಖರ್ಚು 2,300 ಆಗಿರಬೇಕು. ಇಬ್ಬರೂ ಫೀಸು ಮುಟ್ಟಲಿಲ್ಲ, ಫೋಟೋ ಮತ್ತು ತೂಕ ಬರೆದಿಟ್ಟುಕೊಂಡರು.

ಹೋದ ತಿಂಗಳು ಅದೇ ಡೀಲರ್ ಹತ್ತಿರ ವಾಸಿಷ್ಠೀಪುತ್ರ ಪುಳುಮಾವಿಯ ಮುಖದ ನಾಣ್ಯ ನೋಡಿದೆ. ಹೇಳಿದ ಬೆಲೆ 26,000. ಅದೇ ಥರ ಚೀಟಿ, ಅದೇ ಥರ ಸಹಿ. ಮೇಷ್ಟ್ರು ಎರಡೇ ನಿಮಿಷ ನೋಡಿ ಬೇಡ ಅಂದರು. ವಾಪಸ್ ಒಯ್ದಾಗ ಡೀಲರ್ ತೂಗಿ, ಫೋಟೋ ಜೊತೆ ತಾಳೆ ನೋಡಿ, 13,000 ಎಣಿಸಿ ಕೊಟ್ಟರು. ಮೇಷ್ಟ್ರಿಗೆ ಯಾಕೆ ಬೇಡ ಅನ್ನಿಸಿತು ಅಂತ ಅವರೇ ಚಹಾ ತರಿಸಿ ಕೂರಿಸಿಕೊಂಡು ಕೇಳಿದರು.