ಮಂಡಿಗೆ ತಟ್ಟುವ ಕಲೆ: ರಿಫ್ಲೆಕ್ಸ್ ಪರೀಕ್ಷೆ ಸರಿಯಾಗಿ ಮಾಡುವುದು ಹೇಗೆ

ಮಂಡಿಚಿಪ್ಪಿನ ಕೆಳಗೆ ಚಿಕ್ಕ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಕಾಲು ಮುಂದಕ್ಕೆ ಚಿಮ್ಮುತ್ತದೆ. ಯೋಚಿಸದೆ ತಾನಾಗಿ ಆಗುವ ಇಂಥ ಚಲನೆಯೇ ರಿಫ್ಲೆಕ್ಸ್. ನರ್ಸಿಂಗ್, ಫಿಸಿಯೋಥೆರಪಿ ವಿದ್ಯಾರ್ಥಿಗಳು ಮೊದಮೊದಲು ಇದನ್ನು ಸ್ವಿಚ್ಚು ಒತ್ತಿದಂತೆ ಎಂದುಕೊಳ್ಳುತ್ತಾರೆ. ಚಿಮ್ಮದಿದ್ದರೆ ಇನ್ನೂ ಜೋರಾಗಿ ಹೊಡೆಯುತ್ತಾರೆ. ಜೋರಿನಿಂದ ನೋವಾಗುತ್ತದೆ ಅಷ್ಟೆ. ಸುತ್ತಿಗೆಯ ಕೆಲಸ ಒಂದೇ: ತೊಡೆಯ ಮುಂಭಾಗದ ಸ್ನಾಯುವನ್ನು ತುಸುವೇ, ಆದರೆ ಥಟ್ಟನೆ ಎಳೆಯುವುದು.

ಆ ಸ್ನಾಯುವಿನ ಎಳೆಗಳ ನಡುವೆ ಕದಿರಿನಾಕಾರದ ಸಣ್ಣ ಗ್ರಾಹಕಗಳಿವೆ. ಸ್ನಾಯು ಎಷ್ಟು ಹಿಗ್ಗಿತು ಎನ್ನುವುದರ ಜೊತೆಗೆ ಎಷ್ಟು ಬೇಗ ಹಿಗ್ಗಿತು ಎನ್ನುವುದನ್ನೂ ಅವು ಬೆನ್ನುಹುರಿಗೆ ತಿಳಿಸುತ್ತವೆ. ಅಲ್ಲಿ ಆ ನರ ನೇರವಾಗಿ ಅದೇ ಸ್ನಾಯುವಿನ ಚಾಲಕ ನರಕ್ಕೆ ಸುದ್ದಿ ದಾಟಿಸುತ್ತದೆ, ನಡುವೆ ದಲ್ಲಾಳಿ ಇಲ್ಲ. ತೊಡೆಯ ಹಿಂಭಾಗದ ಸ್ನಾಯುವನ್ನು ಸುಮ್ಮನಿರಿಸಲು ಮಾತ್ರ ಮಧ್ಯದಲ್ಲಿ ಇನ್ನೊಂದು ನರಕೋಶ ಬೇಕು. ತಟ್ಟಿದ ಸುಮಾರು 20 ಮಿಲಿಸೆಕೆಂಡಿಗೆ ತೊಡೆಯ ಸ್ನಾಯುವಿನಲ್ಲಿ ವಿದ್ಯುತ್ ಚಟುವಟಿಕೆ ಶುರುವಾಗಿರುತ್ತದೆ. ಮೆಲ್ಲಗೆ ಒತ್ತಿದರೆ ಇದ್ಯಾವುದೂ ಆಗುವುದಿಲ್ಲ, ಏಕೆಂದರೆ ವೇಗವೇ ಇರುವುದಿಲ್ಲ.

ಮೊದಲು ಕೂರಿಸುವುದು. ಪಾದ ನೆಲಕ್ಕೆ ತಾಗದಷ್ಟು ಎತ್ತರದ ಮೇಜಿನ ಅಂಚಿನಲ್ಲಿ, ತೊಡೆಗೆ ಪೂರ್ತಿ ಆಸರೆ ಸಿಗುವಂತೆ, ಕಾಲು ಇಳಿಬಿಡಲಿ. ಮಲಗಿದವರಾದರೆ ಮಂಡಿಯ ಕೆಳಗೆ ನಿಮ್ಮ ಮುಂಗೈ ಕೊಟ್ಟು ಅರ್ಧ ಮಡಿಸಿ ಹಿಡಿಯಿರಿ. ಪ್ಯಾಂಟು, ಪಂಚೆ, ಸೀರೆ ಏನೇ ಇರಲಿ, ಅನುಮತಿ ಕೇಳಿ ಮಂಡಿಯ ಮೇಲಿನವರೆಗೆ ಸರಿಸಿ. ಬಟ್ಟೆಯ ಮೇಲೆ ತಟ್ಟಿದರೆ ಜಾಗ ತಪ್ಪುತ್ತದೆ.

ಈಗ ಬೆರಳಿನಿಂದ ಜಾಗ ಹುಡುಕಿ. ಮಂಡಿಚಿಪ್ಪಿನ ಕೆಳ ಅಂಚಿಗೂ ಮುಂಗಾಲ ಮೂಳೆಯ ಉಬ್ಬಿಗೂ ನಡುವೆ ಹಗ್ಗದಂತೆ ಬಿಗಿಯಾದ ಪಟ್ಟಿ ಸಿಗುತ್ತದೆ, ಅದರ ನಡುಮಧ್ಯಕ್ಕೆ ತಟ್ಟಬೇಕು. ಎಡಗೈಯನ್ನು ತೊಡೆಯ ಮೇಲಿಡಿ. ಪಾದ ಅಲುಗದಿದ್ದರೂ ಸ್ನಾಯು ಬಿಗಿದದ್ದು ಅಂಗೈಗೆ ಗೊತ್ತಾಗುತ್ತದೆ. ನೋಡಬೇಕಾದದ್ದು ತೊಡೆಯನ್ನು, ಪಾದವನ್ನಲ್ಲ. ಸುತ್ತಿಗೆಯ ಹಿಡಿಯ ತುದಿಯನ್ನು ಸಡಿಲವಾಗಿ ಹಿಡಿದು, ಮಣಿಕಟ್ಟಿನಿಂದ ಬೀಸಿ, ಅದರ ಸ್ವಂತ ಭಾರದಲ್ಲೇ ಬೀಳಲು ಬಿಡಿ. ತಾಗಿದ ಕೂಡಲೇ ಅದು ಪುಟಿದು ಬರಬೇಕು, ಅಲ್ಲೇ ಒತ್ತಿ ನಿಲ್ಲಬಾರದು. ತ್ರಿಕೋನ ರಬ್ಬರಿನ ಚಿಕ್ಕ ಸುತ್ತಿಗೆ ಹಗುರ, ಅದನ್ನು ಬೀಸುವ ಬದಲು ಕುಟ್ಟುವವರೇ ಹೆಚ್ಚು. ಉದ್ದ ಹಿಡಿಯ, ದುಂಡು ತಲೆಯ ಸುತ್ತಿಗೆ ಕಲಿಯುವವರಿಗೆ ಮೇಲು. ಮನೆಯಲ್ಲಿ ಅಂಗೈಯ ಅಂಚೂ ಆಗುತ್ತದೆ.

ರಿಫ್ಲೆಕ್ಸ್ ಬಾರದಿದ್ದರೆ ಸಾಮಾನ್ಯವಾಗಿ ತಪ್ಪು ರೋಗಿಯ ನರದಲ್ಲಲ್ಲ, ಬಿಗಿ ಹಿಡಿದ ಕಾಲಿನಲ್ಲಿ. ಕಾಲನ್ನು ಕೈಯಿಂದ ತೂಗಿ ನೋಡಿ: ಲೋಲಕದಂತೆ ತೂಗಾಡಿದರೆ ಸಡಿಲ, ನಡುವೆ ನಿಂತರೆ ಬಿಗಿ. ಆಗ ಹಳೆಯ ಉಪಾಯ ಬಳಸಿ. ಎರಡು ಕೈಗಳ ಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿಕೊಂಡು "ಎಳೀರಿ" ಎಂದೊಡನೆ ಹೊರಕ್ಕೆ ಎಳೆಯಲು ಹೇಳಿ. ಹಂಗೇರಿಯ ವೈದ್ಯ ಯೆಂದ್ರಾಶಿಕ್ 1880ರ ದಶಕದಲ್ಲಿ ತೋರಿಸಿದ ಕ್ರಮ ಇದು. ಗಮನ ಬೇರೆಡೆ ಹೋಗುವುದು ಒಂದು ಲಾಭವಾದರೆ, ಕೈಗಳ ಬಿಗಿತ ಕಾಲಿನ ರಿಫ್ಲೆಕ್ಸನ್ನು ಜೋರು ಮಾಡುವುದು ಇನ್ನೊಂದು. ಪರಿಣಾಮ ಕೆಲವೇ ಸೆಕೆಂಡು, ಹಾಗಾಗಿ "ಎಳೀರಿ" ಎಂದ ಬೆನ್ನಲ್ಲೇ ತಟ್ಟಬೇಕು. ಮೊದಲೇ ಎಳೆಸಿ ಆಮೇಲೆ ಸುತ್ತಿಗೆ ಹುಡುಕಿದರೆ ಪ್ರಯೋಜನವಿಲ್ಲ.

ಕೆಲವರು ಸಹಾಯ ಮಾಡಲೆಂದು ತಾವೇ ಕಾಲು ಎತ್ತುತ್ತಾರೆ. ಪತ್ತೆ ಸುಲಭ: ಬೇಕೆಂದು ಎತ್ತಿದ ಕಾಲು ತಡವಾಗಿ ಏಳುತ್ತದೆ, ಎದ್ದು ಮೇಲೆಯೇ ನಿಲ್ಲುತ್ತದೆ. ರಿಫ್ಲೆಕ್ಸ್ ಆದರೆ ಕೂಡಲೇ ಬೀಳುತ್ತದೆ. ಈ ತಡ ಎಷ್ಟೆಂದು ಅಂದಾಜಿಸಲು 30 ಸೆಂ.ಮೀ. ಸ್ಕೇಲು ಸಾಕು. ಒಬ್ಬರು ನೇರವಾಗಿ ತೂಗಿ ಹಿಡಿಯಲಿ, ಇನ್ನೊಬ್ಬರು ಸೊನ್ನೆಯ ಗೆರೆಯ ಬಳಿ ಬೆರಳು ತೆರೆದಿಟ್ಟು ಬಿಟ್ಟಾಗ ಹಿಡಿಯಲಿ. 15 ಸೆಂ.ಮೀ.ಗೆ ಹಿಡಿದರೆ ಸುಮಾರು 0.175 ಸೆಕೆಂಡು, 20ಕ್ಕೆ 0.20. ಸೆಂ.ಮೀ.ನಲ್ಲಿನ ದೂರವನ್ನು 490ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಉತ್ತರ. 5 ಸೆಂ.ಮೀ.ಗಿಂತ ಕಡಿಮೆ ಬಂದರೆ ಬಿಡುವ ಗಳಿಗೆಯನ್ನು ಮೊದಲೇ ಊಹಿಸಿದ್ದಾರೆ ಎಂದರ್ಥ, ಲೆಕ್ಕಕ್ಕಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗಿ ಕೈಗೆ ಬರುವ ಈ ದಾರಿ ಬೆನ್ನುಹುರಿಯ ಒಳದಾರಿಗಿಂತ ಹೆಚ್ಚುಕಡಿಮೆ ಹತ್ತು ಪಟ್ಟು ನಿಧಾನ. ಎಡವಿದಾಗ ಮೊದಲ ತಿದ್ದುಪಡಿ ಯೋಚಿಸುವ ಮುನ್ನವೇ ಆಗಿರುವುದು ಇದರಿಂದಲೇ.

ಬರೆದುಕೊಳ್ಳುವಾಗ 0ರಿಂದ 4ರ ಅಳತೆ ಬಳಸಿ. 0 ಎಂದರೆ ಬೆರಳು ಎಳೆಸಿದರೂ ಇಲ್ಲ, 1 ಕ್ಷೀಣ, 2 ಸಾಮಾನ್ಯ, 3 ಚುರುಕು, 4 ಎಂದರೆ ಒಮ್ಮೆ ಎಳೆದಾಗ ಸ್ನಾಯು ಮತ್ತೆ ಮತ್ತೆ ಅದುರುವುದು. ಎರಡೂ ಕಡೆ ಒಂದೇ ರೀತಿ 1 ಅಥವಾ 3 ಇದ್ದರೆ ಅಷ್ಟಕ್ಕೇ ಗಾಬರಿ ಬೇಡ. ಎಡ ಬಲ ಬೇರೆಯಾದರೆ ಅದಕ್ಕೆ ಹೆಚ್ಚು ಬೆಲೆ.

ಮಂಡಿ ಮುಗಿದ ಮೇಲೆ ಹಿಮ್ಮಡಿಯನ್ನು ಬಿಡಬೇಡಿ. ಪಾದವನ್ನು ತುಸು ಮೇಲಕ್ಕೆ ಒತ್ತಿ ಹಿಡಿದು ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜುವಿಗೆ ತಟ್ಟಿ. ಮಂಡಿಯ ರಿಫ್ಲೆಕ್ಸ್ ಹಾಯುವುದು ಮುಖ್ಯವಾಗಿ ಸೊಂಟದ 3 ಮತ್ತು 4ನೇ ನರಬೇರಿನಲ್ಲಿ (ಬೆನ್ನುಹುರಿಯಿಂದ ನರ ಹೊರಡುವ ಬುಡ), ಹಿಮ್ಮಡಿಯದು ತ್ರಿಕದ, ಅಂದರೆ ಸೊಂಟದ ಕೆಳಗಿನ ಬೆನ್ನೆಲುಬಿನ ಭಾಗದ, 1ನೆಯದರಲ್ಲಿ. ಸಕ್ಕರೆ ಕಾಯಿಲೆಯಲ್ಲಿ ಉದ್ದದ ನರಗಳು ಮೊದಲು ಕೆಡುವುದರಿಂದ ಹಿಮ್ಮಡಿಯ ರಿಫ್ಲೆಕ್ಸ್ ಎರಡೂ ಕಡೆ ಮೊದಲು ಹೋಗುತ್ತದೆ. ವಯಸ್ಸಾದವರಲ್ಲಿ ಬೇರೆ ರೋಗವಿಲ್ಲದೆಯೂ ಕಾಣದಿರಬಹುದು. ಸೊಂಟದಿಂದ ಕಾಲಿಗೆ ಇಳಿಯುವ ನೋವಿನ ಜೊತೆ ಒಂದೇ ಕಡೆ ಇಲ್ಲವಾದರೆ ನರಬೇರು ಒತ್ತಿಕೊಂಡಿರುವ ಸಂಶಯ. ಥೈರಾಯ್ಡ್ ಕಡಿಮೆಯಾದವರಲ್ಲಿ ಪಾದ ಕೆಳಗೆ ಹೋಗುವುದು ಸರಿ ಇದ್ದು, ಮರಳುವುದು ಮಾತ್ರ ಎದ್ದುಕಾಣುವಷ್ಟು ನಿಧಾನ. ಲಕ್ವ ಹೊಡೆದ ಮೊದಲ ದಿನಗಳಲ್ಲಿ ಆ ಕಡೆ ರಿಫ್ಲೆಕ್ಸ್ ಸತ್ತಂತಿದ್ದು, ಆಮೇಲೆ ಮಿದುಳಿನ ಕಡಿವಾಣ ತಪ್ಪಿದ್ದರಿಂದ ಅತಿಯಾಗಬಹುದು. ಅದಕ್ಕೇ ಇಂಥವರ ಹಾಳೆಯಲ್ಲಿ ಅಂಕಿಯ ಪಕ್ಕ ಪರೀಕ್ಷೆಯ ದಿನಾಂಕ, ಬೆರಳು ಎಳೆಸಿದ್ದು ಹೌದೋ ಅಲ್ಲವೋ, ಎರಡನ್ನೂ ಬರೆಯಬೇಕು.