‘ಯಾವ ಸಾಲು?’ ಎಂದು ಕೇಳಲು ಶುರುಮಾಡಿದ ಮೇಲೆ

ಬೀದರ್ ಜಿಲ್ಲೆಯ ನಮ್ಮ ಹಳ್ಳಿ ಶಾಲೆಯ ಎಂಟನೇ ತರಗತಿಯಲ್ಲಿ ಎರಡು ಅಂಕದ ಪ್ರಶ್ನೆಗೆ ಎರಡೇ ಬಗೆಯ ಉತ್ತರ ಬರುತ್ತಿತ್ತು: ಇಡೀ ಪರಿಚ್ಛೇದದ ನಕಲು, ಇಲ್ಲವೇ ಪಾಠದಲ್ಲಿಲ್ಲದ ಹೊಗಳಿಕೆ. ಮೊದಲು ‘ಲೇಖಕರ ಪ್ರಕಾರ…’ ಎಂಬ ಸಿದ್ಧ ಚೌಕಟ್ಟು ಕೊಟ್ಟೆ. ಮಕ್ಕಳು ಅದನ್ನೂ ಬಾಯಿಪಾಠ ಮಾಡಿದರು.

ಕೊನೆಗೆ ಲೋಹದ ಮೇಲೆ ಬೆಳ್ಳಿಯ ಚಿತ್ತಾರ ಕೂರಿಸುವ ಬಿದರಿ ಕಲೆಯ ಬಗ್ಗೆ ಎಂಟು ಸಾಲಿನ ಗದ್ಯವನ್ನು ನಾನೇ ಬರೆದು, ಪ್ರತಿ ಸಾಲಿಗೂ ಸಂಖ್ಯೆ ಹಾಕಿ ಹಂಚಿದೆ. ಪ್ರಶ್ನೆ ಒಂದೇ: ಕೊನೆಯ ಹಂತದಲ್ಲಿ ಬೀದರ್ ಕೋಟೆಯ ಮಣ್ಣು ಏಕೆ ಬೇಕು?

‘ಬಿದರಿ ನಮ್ಮ ಜಿಲ್ಲೆಯ ಹೆಮ್ಮೆ’ ಎಂದಳು ಒಬ್ಬಳು. ಮಾತು ನಿಜವೇ.

‘ಯಾವ ಸಾಲಿನಲ್ಲಿದೆ, ತೋರಿಸವ್ವಾ’ ಎಂದೆ.

ಬೆರಳು ಸಾಲುಗಳ ಮೇಲೆ ಸರಿದಾಡಿ ಆರನೆಯದರಲ್ಲಿ ನಿಂತಿತು. ಪೆನ್ಸಿಲಿನಿಂದ ಗೆರೆ ಎಳೆಸಿ, ಹಾಳೆ ಮುಚ್ಚಿಸಿ, ತನ್ನ ಮಾತಿನಲ್ಲಿ ಹೇಳಿಸಿದೆ. ಆಮೇಲಷ್ಟೇ ಬರವಣಿಗೆ:

‘ನವಸಾಗರ ಎಂಬ ಲವಣ ಬೆರೆಸಿದ ಆ ಮಣ್ಣು ಸತು–ತಾಮ್ರದ ಮಿಶ್ರಲೋಹವನ್ನು ಮಾತ್ರ ಕಪ್ಪಾಗಿಸುತ್ತದೆ (ಸಾಲು 6). ಬೆಳ್ಳಿ ಬಿಳಿಯಾಗಿಯೇ ಉಳಿಯುವುದರಿಂದ ಚಿತ್ತಾರ ಎದ್ದು ಕಾಣುತ್ತದೆ.’

ಆ ಎರಡನೆಯ ವಾಕ್ಯವೇ ಕಷ್ಟದ್ದು. ಪುರಾವೆ ಹುಡುಕುವುದನ್ನು ಒಂದು ವಾರದಲ್ಲಿ ಕಲಿತರು. ಅದು ಉತ್ತರವನ್ನು ಹೇಗೆ ಸಮರ್ಥಿಸುತ್ತದೆ ಎಂದು ಹೇಳಲು ಎರಡು ತಿಂಗಳು ಬೇಕಾಯಿತು. ಅದಕ್ಕಾಗಿ ‘ಅಂದರೆ?’ ಎಂದು ಪಕ್ಕದವರಿಂದಲೇ ಕೇಳಿಸಿದೆ. ಮನೆಯಲ್ಲಿ ಉರ್ದು, ಮರಾಠಿ ಮಾತಾಡುವ ಮಕ್ಕಳಿಗೆ ಮೊದಲು ಅವರವರ ಭಾಷೆಯಲ್ಲೇ ಹೇಳಲು ಬಿಟ್ಟೆ; ಇದನ್ನು ಮೊದಲೇ ಮಾಡಬೇಕಿತ್ತು. ಅಂಕವನ್ನೂ ಒಡೆದೆ: ಸಾಲಿಗೆ ಒಂದು, ವಿವರಣೆಗೆ ಒಂದು.

ಈಗ ನಾನು ಪಾಠದ ನಡುವೆ ಏನಾದರೂ ಹೇಳಿದರೆ, ಹಿಂದಿನ ಬೆಂಚಿನಿಂದ ‘ಯಾವ ಸಾಲು, ಸರ್?’ ಎಂಬ ಪ್ರಶ್ನೆ ಬರುತ್ತದೆ.