500 ಬಾರ್‌ನಲ್ಲಿ ಕಡಲತಳದ ಕೆಸರಿನ ಜೀವಿಗಳನ್ನು ಬೆಳೆಸುವ ಬಗೆ

ಮಧ್ಯ ಹಿಂದೂ ಮಹಾಸಾಗರದ ಜಲಾನಯನದಲ್ಲಿ ನೀರು ಸುಮಾರು 5,000 ಮೀಟರ್ ಆಳವಿದೆ. ಹತ್ತು ಮೀಟರಿಗೆ ಒಂದು ಬಾರ್‌ನಂತೆ ಲೆಕ್ಕ ಹಾಕಿದರೆ ತಳದಲ್ಲಿ 500 ಬಾರ್, ಅಂದರೆ 50 ಮೆಗಾಪಾಸ್ಕಲ್ ಒತ್ತಡ; ಉಷ್ಣತೆ ಒಂದೆರಡು ಡಿಗ್ರಿ. ಅಲ್ಲಿಯ ಕೆಸರಿನ ಬ್ಯಾಕ್ಟೀರಿಯಾಗಳಿಗೆ ನಾವು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹೊಸಬರಿಗೆ ಒತ್ತಡದ್ದೇ ಭಯ. ಕೈಪಂಪು ಸರಿಯಾಗಿದ್ದರೆ 50 ಮೆಗಾಪಾಸ್ಕಲ್‌ಗೆ ಏರಿಸುವುದು ಕೆಲವೇ ನಿಮಿಷಗಳ ಕೆಲಸ. ಪ್ರಯೋಗ ಕೆಡುವುದು ಹೆಚ್ಚಾಗಿ ಎರಡು ಕಡೆ: ಒಳಗೆ ಉಳಿದ ಗಾಳಿಯಿಂದ ಮತ್ತು ತಪ್ಪಿದ ತಂಪಿನಿಂದ.

ತಂಪಿನ ವಿಷಯ ಹಡಗಿನಲ್ಲೇ ಶುರುವಾಗುತ್ತದೆ. ಕಡಲತಳದ ಕೆಸರನ್ನು ಪದರ ಕೆಡದಂತೆ ತೆಗೆಯುವ ಮಲ್ಟಿಕೋರರ್ ಉಪಕರಣದ ಕೊಳವೆ ಮೇಲಕ್ಕೆ ಬರುವಾಗ ಒತ್ತಡವೂ ಇಳಿಯುತ್ತದೆ, ಬೆಚ್ಚಗಿನ ಮೇಲ್ಪದರದ ನೀರನ್ನೂ ಅದು ದಾಟಬೇಕು. ಒತ್ತಡ ಇಳಿದದ್ದನ್ನು ಬಹಳಷ್ಟು ಜೀವಿಗಳು ಸ್ವಲ್ಪ ಹೊತ್ತು ತಾಳಿಕೊಳ್ಳುತ್ತವೆ. ಚಳಿಗೆ ಒಗ್ಗಿದವು 20 ಡಿಗ್ರಿಯನ್ನು ತಾಳಲಾರವು. ಹಾಗಾಗಿ ಕೊಳವೆ ಡೆಕ್ಕಿಗೆ ಬಂದ ಕೂಡಲೇ ಕೋಲ್ಡ್ ರೂಮಿಗೆ ಹೋಗಬೇಕು. ಫೋಟೋ, ಲೇಬಲ್ ಎಲ್ಲ ಅಲ್ಲೇ. ಕೊಳವೆಯ ಗೋಡೆಗೆ ತಾಗಿದ ಒಂದು ಸೆಂಟಿಮೀಟರ್ ಕೆಸರನ್ನು ಬಿಟ್ಟುಬಿಡಿ, ಮೇಲಿನ ಪದರದ ಕೆಸರು ಉಜ್ಜಿಕೊಂಡು ಅಲ್ಲಿಗೆ ಬಂದಿರುತ್ತದೆ. ತುದಿ ಕತ್ತರಿಸಿದ ಸ್ಟೆರೈಲ್ 5 ಎಂಎಲ್ ಸಿರಿಂಜನ್ನು ನಡುವಿಗೆ ಒತ್ತಿ ಕೆಸರು ತೆಗೆದು, ಒಂದಕ್ಕೆ ಒಂಬತ್ತು ಪಾಲು ತಣ್ಣನೆಯ ಸ್ಟೆರೈಲ್ ಸಮುದ್ರದ ನೀರಿನಲ್ಲಿ ಕದಡಿಕೊಳ್ಳುತ್ತೇವೆ.

ಮೀಡಿಯಂ, ಅಂದರೆ ಜೀವಿಗಳಿಗೆ ಕೊಡುವ ಪೋಷಕ ದ್ರವ, ಬಡವಾಗಿರಲಿ. ಮಾಮೂಲಿ ಸಿದ್ಧ ಮೀಡಿಯಂ ಮರೀನ್ ಬ್ರಾತ್ 2216ರಲ್ಲಿ ಲೀಟರಿಗೆ 5 ಗ್ರಾಂ ಪೆಪ್ಟೋನ್, 1 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್ ಇರುತ್ತದೆ. ಹಸಿವಿನಲ್ಲೇ ಬದುಕಿದ ಕೆಸರಿಗೆ ಅಷ್ಟನ್ನು ಸುರಿದರೆ ಕಾಲ್ವೆಲ್ಲಿಯಾ, ಶೆವನೆಲ್ಲಾದಂಥ ಚುರುಕಿನವು ಉಳಿದವನ್ನೆಲ್ಲ ಮುಚ್ಚಿಹಾಕುತ್ತವೆ. ನಾವು ಹತ್ತನೇ ಒಂದು ಪಾಲು ಹಾಕುತ್ತೇವೆ: ಲೀಟರ್ ಸೋಸಿದ ಸಮುದ್ರದ ನೀರಿಗೆ ಪೆಪ್ಟೋನ್ 0.5 ಗ್ರಾಂ, ಯೀಸ್ಟ್ ಎಕ್ಸ್‌ಟ್ರಾಕ್ಟ್ 0.1 ಗ್ರಾಂ, ಪೊಟ್ಯಾಶಿಯಂ ನೈಟ್ರೇಟ್ 1 ಗ್ರಾಂ, ಪಿಎಚ್ ಕಾಯುವ ಬಫರಾಗಿ ಹೆಪೆಸ್ 4.8 ಗ್ರಾಂ. ನೈಟ್ರೇಟ್ ಏಕೆಂದರೆ ಮುಚ್ಚಿದ ಕೊಳವೆಯಲ್ಲಿ ಕರಗಿರುವ ಆಮ್ಲಜನಕ ಬೇಗ ಮುಗಿಯುತ್ತದೆ, ಆಮೇಲೆ ಉಸಿರಾಟಕ್ಕೆ ಏನಾದರೂ ಬೇಕು. ಬಫರ್ ಆಯ್ಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒತ್ತಡ ಏರಿದಂತೆ ಫಾಸ್ಫೇಟ್ ಬಫರ್ ಆಮ್ಲೀಯವಾಗುತ್ತದೆ. ಟ್ರಿಸ್ ಎಂಬ ಇನ್ನೊಂದು ಬಫರ್ ಒತ್ತಡಕ್ಕೆ ಅಲ್ಲಾಡದು, ಆದರೆ ಒಂದೊಂದು ಡಿಗ್ರಿ ತಣ್ಣಗಾದಾಗಲೂ ಅದರ ಪಿಎಚ್ ಸುಮಾರು 0.03 ಏರುತ್ತದೆ. ಹೆಪೆಸ್ ಎರಡಕ್ಕೂ ತಕ್ಕಮಟ್ಟಿಗೆ ನಿಲ್ಲುತ್ತದೆ. ಪಿಎಚ್ 7.5ಕ್ಕೆ ಹೊಂದಿಸುವುದು ತಣ್ಣಗಿನ ಮೀಡಿಯಂನಲ್ಲೇ ಆಗಲಿ.

ಇನ್ನು ಗಾಳಿ. ಕಲ್ಚರ್ ಹಾಕಲು ಅಗ್ಗದ ಪಾಲಿಎಥಿಲೀನ್ ಟ್ರಾನ್ಸ್‌ಫರ್ ಪಿಪೆಟ್‌ಗಿಂತ ಒಳ್ಳೆಯದು ನಮಗೆ ಸಿಕ್ಕಿಲ್ಲ. ಬಲ್ಬು ಮೆತ್ತಗಿರುವುದರಿಂದ ಹೊರಗಿನ ಒತ್ತಡ ನೇರವಾಗಿ ಒಳಗಿನ ದ್ರವಕ್ಕೆ ತಲುಪುತ್ತದೆ. ಮೀಡಿಯಂ ಮತ್ತು ಹತ್ತನೇ ಒಂದು ಪಾಲು ಕದಡಿದ ಕೆಸರನ್ನು ಎಳೆದುಕೊಂಡು, ಬಲ್ಬನ್ನು ಕೆಳಗೆ ಮಾಡಿ ಬೆರಳಿನಿಂದ ತಟ್ಟಿ ಗುಳ್ಳೆಗಳನ್ನು ಮೇಲಕ್ಕೆ ಬಿಡಿ. ದ್ರವ ಕತ್ತಿನವರೆಗೆ ಏರುವಂತೆ ಬಲ್ಬನ್ನು ಹಿಸುಕಿ, ದ್ರವದ ಮಟ್ಟಕ್ಕಿಂತ ಕೆಳಗೆ ಚಿಮಟದಿಂದ ಹಿಡಿದು, ಚಿಮಟದ ಮೇಲ್ಭಾಗವನ್ನು ಒರೆಸಿ ಒಣಗಿಸಿ ಬ್ಯಾಗ್ ಸೀಲರ್‌ನಲ್ಲಿ ಎರಡು ಗೆರೆ ಸೀಲ್ ಮಾಡಿ. ಒದ್ದೆಯಿದ್ದ ಕಡೆ ಸೀಲ್ ಕೂರುವುದಿಲ್ಲ.

ನಾಲ್ಕು ಎಂಎಲ್ ದ್ರವದ ಮೇಲೆ ಒಂದು ಎಂಎಲ್ ಗಾಳಿ ಉಳಿಯಿತೆನ್ನಿ. ಒತ್ತಡ ಕೊಟ್ಟೊಡನೆ ಅದು ಸೂಜಿಮೊನೆಯಷ್ಟಾಗಿ ಪೂರ್ತಿ ಕರಗಿಹೋಗುತ್ತದೆ. ಆಗ ದ್ರವದಲ್ಲಿ ಆಮ್ಲಜನಕ ಎಂದಿಗಿಂತ ಏಳೆಂಟು ಪಟ್ಟಾಗಿ ಜೀವಿಗಳಿಗೆ ವಿಷವಾಗುತ್ತದೆ. ಒತ್ತಡ ಇಳಿಸುವಾಗ ಅದೇ ಗಾಳಿ ಸೋಡಾ ಬಾಟಲಿಯಂತೆ ನೊರೆಯೆದ್ದು ಸೀಲ್ ಕಿತ್ತುಹಾಕುತ್ತದೆ. ‘ಒತ್ತಡದಲ್ಲಿ ಏನೂ ಬೆಳೆಯಲಿಲ್ಲ’ ಎಂದು ಯಾರಾದರೂ ತಂದು ತೋರಿಸಿದಾಗ ಮೊದಲು ನೋಡಬೇಕಾದದ್ದು ಬಲ್ಬು ಸುಕ್ಕುಗಟ್ಟಿದೆಯೇ ಎಂದು.

ಪಿಪೆಟ್ಟುಗಳನ್ನು ಒಳಗಿಟ್ಟು ಒತ್ತಡ ಕೊಡುವ ಪಾತ್ರೆ, ಅಂದರೆ ವೆಸೆಲ್, ಸ್ಟೇನ್‌ಲೆಸ್ ಸ್ಟೀಲಿನದು. ಮುಚ್ಚಳದಲ್ಲಿ ಸೋರಿಕೆ ತಡೆಯುವ ಒ-ರಿಂಗ್ ಶೋರ್ ಎ ಮಾಪನದಲ್ಲಿ 90 ಗಡಸಿನ ನೈಟ್ರೈಲ್ ರಬ್ಬರಿನದು, ಹಿಂದೆ ಆಸರೆಗೊಂದು ಬ್ಯಾಕಪ್ ರಿಂಗ್. ಸಾಮಾನ್ಯ ವೈಟನ್ ರಬ್ಬರಿನ ರಿಂಗ್ 2 ಡಿಗ್ರಿಯಲ್ಲಿ ಗಡಸಾಗಿ ಸೋರಬಹುದು. ವೆಸೆಲನ್ನೂ ನೀರನ್ನೂ ಹಿಂದಿನ ರಾತ್ರಿಯೇ ಕೋಲ್ಡ್ ರೂಮಿನಲ್ಲಿಡಿ. ತುಂಬಿಸುವುದು ಡಿಸ್ಟಿಲ್ಡ್ ವಾಟರ್. ಉಪ್ಪುನೀರು ಹಾಕಿದರೆ ಕ್ಲೋರೈಡ್ ಸ್ಟೀಲನ್ನು ಚುಕ್ಕಿಚುಕ್ಕಿಯಾಗಿ ಕೊರೆಯುತ್ತದೆ. ಆ ನೀರಿಗೆ ಚೂರು ಅಡುಗೆ ಬಣ್ಣ ಸೇರಿಸಿದರೆ ಸೋರಿದ ಪಿಪೆಟ್ ಆಮೇಲೆ ಬಣ್ಣದಿಂದಲೇ ಗೊತ್ತಾಗುತ್ತದೆ. ಅಂಚಿನವರೆಗೆ ತುಂಬಿಸಿ, ವಾಲ್ವ್ ತೆರೆದಿಟ್ಟುಕೊಂಡೇ ಮುಚ್ಚಳ ಇಳಿಸಿ, ವಾಲ್ವಿನಿಂದ ಬರೀ ನೀರು ಬರುವವರೆಗೆ ಕಾಯಿರಿ. ಮೊದಲು 10 ಮೆಗಾಪಾಸ್ಕಲ್‌ಗೆ ನಿಲ್ಲಿಸಿ ಗೇಜ್ ನೋಡಿ, ಆಮೇಲೆ 50. ಏರಿಸಿದ ಕೆಲವು ನಿಮಿಷ ಮುಳ್ಳು ಸ್ವಲ್ಪ ಇಳಿಯುವುದು ಸಹಜ, ಒತ್ತಿದಾಗ ಹುಟ್ಟಿದ ಬಿಸಿ ಆರುತ್ತಿರುತ್ತದೆ. ನಿಲ್ಲದೆ ಇಳಿಯುತ್ತಿದ್ದರೆ ಸೋರಿಕೆ. ಎಲ್ಲಿ ತೊಟ್ಟಿಕ್ಕಿದರೂ ಒತ್ತಡವನ್ನು ಸೊನ್ನೆಗೆ ಇಳಿಸಿಯೇ ಸ್ಪ್ಯಾನರ್ ಮುಟ್ಟಬೇಕು. ಒತ್ತಡವಿರುವಾಗ ನಟ್ ಬಿಗಿ ಮಾಡಬಾರದು, ಮುಚ್ಚಳದ ನೇರಕ್ಕೆ ನಿಲ್ಲಲೂಬಾರದು. ಈ ಒತ್ತಡದಲ್ಲಿ ನೀರು ಕುಗ್ಗುವುದು ಶೇಕಡಾ ಎರಡರಷ್ಟು ಮಾತ್ರ, ಆದ್ದರಿಂದ ಅದರಲ್ಲಿ ಅಡಗಿರುವ ಶಕ್ತಿ ಕಡಿಮೆ. ಒಳಗೆ ಗಾಳಿ ಉಳಿದಿದ್ದರೆ ಆ ಮಾತು ಹೇಳುವಂತಿಲ್ಲ. ಮುಚ್ಚಿದ ವೆಸೆಲನ್ನು ಬೆಚ್ಚಗಿನ ಕೋಣೆಯಲ್ಲಿ ಮರೆತರೂ ಅಪಾಯ: 25 ಡಿಗ್ರಿಯ ಆಸುಪಾಸಿನಲ್ಲಿ ಪ್ರತಿ ಡಿಗ್ರಿಗೆ ಒತ್ತಡ ಸುಮಾರು ಅರ್ಧ ಮೆಗಾಪಾಸ್ಕಲ್ ಏರುತ್ತದೆ.

ಒಂದೇ ದೊಡ್ಡ ವೆಸೆಲಿನ ಆಸೆ ಬೇಡ. ಒಂದು ಪಿಪೆಟ್ ತೆಗೆಯಲು ತೆರೆದರೆ ಉಳಿದವುಗಳ ಒತ್ತಡವೂ ಇಳಿಯುತ್ತದೆ. ಚಿಕ್ಕ ವೆಸೆಲ್‌ಗಳನ್ನು 2, 4, 8, 16 ವಾರಗಳಿಗೆ ಒಂದೊಂದರಂತೆ ಇಡಿ. ಕೆಸರು ಹಾಕದ ಮೀಡಿಯಂ ಮತ್ತು ಆಟೋಕ್ಲೇವ್ ಮಾಡಿದ (ಒತ್ತಡದ ಹಬೆಯಲ್ಲಿ ಜೀವಿಗಳನ್ನು ಕೊಂದ) ಕೆಸರು ಎರಡೂ ಹೋಲಿಕೆಗೆ ಜೊತೆಗಿರಲಿ. ವಾಯುಮಂಡಲದ ಒತ್ತಡದ ಜೋಡಿ ಕೂಡ ಅದೇ ಬಗೆಯ ಪಿಪೆಟ್ಟಿನಲ್ಲಿ, ಅದೇ ಕೋಲ್ಡ್ ರೂಮಿನಲ್ಲಿ ಇರಬೇಕು. ಫ್ಲಾಸ್ಕಿನಲ್ಲಿಟ್ಟರೆ ಹೋಲಿಸುತ್ತಿರುವುದು ಒತ್ತಡವನ್ನಲ್ಲ, ಆಮ್ಲಜನಕವನ್ನು. ಕೆಸರಿರುವವರೆಗೆ ಬೆಳವಣಿಗೆ ತಿಳಿಯಲು ದ್ರವದ ಕಲಕು ಅಳೆದು ಉಪಯೋಗವಿಲ್ಲ. ಶೇಕಡಾ 2 ಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ಕಣಗಳಿಂದ ಕೋಶಗಳು ಬಿಡಲು ಸ್ವಲ್ಪ ಸೋನಿಕೇಟ್ ಮಾಡಿ (ಶಬ್ದತರಂಗ ಕೊಟ್ಟು), ಡಿಎನ್‌ಎಗೆ ಅಂಟಿ ಹೊಳೆಯುವ ಸೈಬರ್ ಗ್ರೀನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಣಿಸಿ.

ಹೊಸ ಮೀಡಿಯಂಗೆ ವರ್ಗಾಯಿಸುವ ದಿನ ಒತ್ತಡವನ್ನು ನಿಧಾನವಾಗಿ ಇಳಿಸಿ. ನೈಟ್ರೇಟ್‌ನಿಂದ ಸಾರಜನಕ ಹುಟ್ಟಿರಬಹುದು. ಎಲ್ಲವೂ ಮಂಜುಗಡ್ಡೆಯ ಮೇಲೆ, ಅರ್ಧ ಗಂಟೆಯೊಳಗೆ. ಎರಡು ಮೂರು ವರ್ಗಾವಣೆ ಆದ ಮೇಲೆ ಬೇರ್ಪಡಿಸುವ ಕೆಲಸ. ಬಿಸಿ ಅಗರ್ ಇವಕ್ಕೆ ಸಾವು, ಆದ್ದರಿಂದ ಹತ್ತು ಹತ್ತು ಪಟ್ಟು ತೆಳುಗೊಳಿಸುತ್ತಾ ಹೋಗಿ, ಬೆಳೆದ ಕೊನೆಯ ಪಿಪೆಟ್ಟಿನಿಂದ ಮತ್ತೆ ಅದನ್ನೇ ಮಾಡುತ್ತೇವೆ.

50 ಮೆಗಾಪಾಸ್ಕಲ್‌ನಲ್ಲಿ ಬೆಳೆದದ್ದೆಲ್ಲ ಒತ್ತಡಪ್ರಿಯವಲ್ಲ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಇದೇ ಜಲಾನಯನದ ಕೆಸರಿನಿಂದ ಬೇರ್ಪಡಿಸಿದ ಶಿಲೀಂಧ್ರಗಳು 200 ಬಾರ್‌ನಲ್ಲೂ ಬೆಳೆದಿವೆ; ಅದು ಸಹಿಷ್ಣುತೆ. ಇನ್ನೊಂದು ತುದಿಯಲ್ಲಿ 1981ರಲ್ಲಿ ಯಾಯಾನೋಸ್ ತಂಡ ವರದಿ ಮಾಡಿದ ಮರಿಯಾನಾ ಕಂದಕದ ಎಂಟಿ41 ಎಂಬ ಬ್ಯಾಕ್ಟೀರಿಯಾ: 2 ಡಿಗ್ರಿಯಲ್ಲಿ 69 ಮೆಗಾಪಾಸ್ಕಲ್ ಅದಕ್ಕೆ ಹಿತ, ವಾಯುಮಂಡಲದ ಒತ್ತಡದಲ್ಲಿ ಬೆಳೆಯುವುದೇ ಇಲ್ಲ. ನಿಮ್ಮದು ಎಲ್ಲಿ ನಿಲ್ಲುತ್ತದೆಂದು ತಿಳಿಯಲು 0.1, 10, 20, 40, 60 ಮೆಗಾಪಾಸ್ಕಲ್‌ಗಳಲ್ಲಿ ಬೆಳವಣಿಗೆಯ ದರ ತೆಗೆಯಲೇಬೇಕು, ಒಂದೇ ಉಷ್ಣತೆಯಲ್ಲಿ. ಶುದ್ಧ ಕಲ್ಚರನ್ನು ಗ್ಲಿಸರಾಲ್ ಸೇರಿಸಿ ಮೈನಸ್ 80ರಲ್ಲಿ ಇಡುತ್ತೇವೆ. ಕರಗಿಸಿದ ಮೇಲೆ ಫ್ಲಾಸ್ಕಿಗೆ ಹಾಕದೆ ನೇರ ಪಿಪೆಟ್ಟಿಗೆ, ವೆಸೆಲ್ಲಿಗೆ.